ಕಥೆ ಕಳುಹಿಸುವ ಮುನ್ನ ಕಾಪಿರೈಟ್ ಮಾಡಿಸಬೇಕೇ?

ಪ್ರಶ್ನೆ: ನನ್ನ ಮೊದಲ ಕಥಾಸಂಕಲನದ ಹಸ್ತಪ್ರತಿ ಸಿದ್ಧವಾಗಿದೆ. ಕಾಪಿರೈಟ್ ಮಾಡಿಸದೆ ಪ್ರಕಾಶಕರಿಗೆ ಕಳುಹಿಸಿದರೆ ಕಥೆಗಳನ್ನು ಕದಿಯುತ್ತಾರೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಹೊಸ ಕಥೆಗಾರರ ಪತ್ರಗಳಲ್ಲಿ ಇದೇ ಭಯ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಿಂದ ಈ ಬಾರಿ ಬುಡದಿಂದಲೇ ವಿವರಿಸುತ್ತೇನೆ.

1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ನೀವು ಸ್ವಂತವಾಗಿ ಬರೆದ ಕಥೆಯ ಹಕ್ಕು ಬರೆದಾಗಲೇ ನಿಮ್ಮದಾಗುತ್ತದೆ ಮತ್ತು ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ವಾರಸುದಾರರಲ್ಲಿ ಉಳಿಯುತ್ತದೆ. ‘ಕಾಪಿರೈಟ್ ಮಾಡಿಸುವುದು’ ಎಂದು ಗೆಳೆಯರು ಹೇಳುವ ನೋಂದಣಿ ಐಚ್ಛಿಕ. ಮಾಡಿಸಿದ್ದರೆ ವ್ಯಾಜ್ಯ ಬಂದಾಗ ಮೇಲ್ನೋಟದ ಸಾಕ್ಷ್ಯವಾಗಿ ನೆರವಾಗುತ್ತದೆ, ಮಾಡಿಸದಿದ್ದರೆ ಹಕ್ಕೇನೂ ಹೋಗುವುದಿಲ್ಲ. ಅಂಚೆ ಮುದ್ರೆಯ ದಿನಾಂಕವೇ ಸಾಕ್ಷಿ ಎಂದು ನಂಬಿ ಹಸ್ತಪ್ರತಿಯನ್ನು ತಮಗೆ ತಾವೇ ಅಂಚೆಯಲ್ಲಿ ಕಳುಹಿಸಿಕೊಂಡು, ಲಕೋಟೆ ಒಡೆಯದೆ ಬೀರುವಿನಲ್ಲಿ ಇಟ್ಟುಕೊಳ್ಳುವವರಿದ್ದಾರೆ. ಕಾಯ್ದೆಯಲ್ಲಿ ಅಂಥದೊಂದು ಕ್ರಮವೇ ಇಲ್ಲ. ಐಎಸ್‌ಬಿಎನ್ ಇದ್ದರೆ ರಕ್ಷಣೆ ಎನ್ನುವುದೂ ತಪ್ಪು. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ ಮಾತ್ರ, ಭಾರತದಲ್ಲಿ ಉಚಿತವಾಗಿಯೇ ಸಿಗುತ್ತದೆ.

ಕಥಾವಸ್ತುವನ್ನಷ್ಟೇ ಕದ್ದರೆ ಏನು ಮಾಡುವುದು ಎಂದು ಕೆಲವರು ಪಟ್ಟು ಹಿಡಿಯುತ್ತಾರೆ. ಬರಿಯ ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ಆದ್ದರಿಂದ ನೋಂದಣಿ ಮಾಡಿಸಿದರೂ ವಸ್ತು ನಿಮ್ಮೊಬ್ಬರ ಸೊತ್ತಾಗದು. ನನಗೆ ನೋವಾಗುವುದು ಈ ಭಯದಿಂದ ಒಳ್ಳೆಯ ಕಥೆಗಳು ಮನೆಯಲ್ಲೇ ಉಳಿಯುವುದನ್ನು ಕಂಡಾಗ. ಹೊಸಬರನ್ನು ನಿಜವಾಗಿ ಕಾಡುವುದು ಕಳ್ಳತನವಲ್ಲ, ತಿಂಗಳುಗಟ್ಟಲೆ ಉತ್ತರವೇ ಬಾರದ ಮೌನ. ಅದನ್ನು ಸಹಿಸಿಕೊಂಡು ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೆ, ಹೊಸ ಕಥೆಗಾರರ ಹಸ್ತಪ್ರತಿಗಾಗಿಯೇ ಇರುವ ಛಂದ ಪುಸ್ತಕ ಬಹುಮಾನಕ್ಕೆ ಕಳುಹಿಸಿದವರಲ್ಲಿ ಅನೇಕರು ಇಂದು ಹೆಸರಾಂತ ಲೇಖಕರಾಗಿದ್ದಾರೆ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಹಸ್ತಪ್ರತಿ ಒಪ್ಪಿಗೆಯಾದ ಸಂತೋಷದಲ್ಲಿ ಹೊಸಬರು ಒಪ್ಪಂದವನ್ನು ಓದದೆ ಸಹಿ ಹಾಕುತ್ತಾರೆ. ‘ಕೃತಿಯ ಸಕಲ ಹಕ್ಕುಗಳನ್ನೂ ಪ್ರಕಾಶಕರಿಗೆ ಶಾಶ್ವತವಾಗಿ ವಹಿಸಿದ್ದೇನೆ’ ಎಂಬ ಒಂದೇ ಸಾಲಿನಲ್ಲಿ ಅನುವಾದ, ಸಿನಿಮಾ, ಇ-ಪುಸ್ತಕ ಎಲ್ಲವೂ ಕೈಬಿಟ್ಟು ಹೋಗಬಹುದು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೂ ಅನುವಾದದ ಹಕ್ಕನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅವಧಿಯನ್ನು ನಮೂದಿಸದ ಹಕ್ಕು ವರ್ಗಾವಣೆಯನ್ನು ಕಾಯ್ದೆಯ 19ನೇ ಕಲಮು ಐದು ವರ್ಷಕ್ಕೆ ಸೀಮಿತಗೊಳಿಸುತ್ತದೆ. ‘ಶಾಶ್ವತವಾಗಿ’ ಎಂದು ಬರೆದುಕೊಟ್ಟವರಿಗೆ ಆ ರಕ್ಷಣೆಯೂ ಇಲ್ಲ. ಆ ಪದವನ್ನು ಹೊಡೆದುಹಾಕಿ, ಕನ್ನಡ ಮುದ್ರಣದ ಹಕ್ಕನ್ನು ಮಾತ್ರ, ಇಷ್ಟು ವರ್ಷಕ್ಕೆ, ಇಷ್ಟು ಗೌರವಧನಕ್ಕೆ ಎಂದು ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.