ಗ್ಯಾರೇಜಿನವರು ‘ಈ ಭಾಗ ಹೋಗಿದೆ’ ಎಂದರೆ ನಂಬುವುದು ಹೇಗೆ?

ಓದುಗರ ಪ್ರಶ್ನೆ: ಕಾರಿನ ಮುಂದಿನ ಚಕ್ರದ ಕಡೆಯಿಂದ ಸದ್ದು ಬರುತ್ತಿದೆ. ಗ್ಯಾರೇಜಿಗೆ ಒಯ್ದಾಗ ಬ್ರೇಕ್ ಪ್ಯಾಡ್, ಡಿಸ್ಕ್, ಬೇರಿಂಗ್ ಮೂರನ್ನೂ ಬದಲಾಯಿಸಬೇಕು ಎಂದರು. ನನಗೆ ಯಂತ್ರದ ವಿಷಯ ಏನೂ ತಿಳಿಯದು. ಅವರ ಮಾತು ನಿಜವೋ ಅಲ್ಲವೋ ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಯಂತ್ರದ ಗಂಧಗಾಳಿ ಇಲ್ಲದವರೂ ಧೈರ್ಯವಾಗಿ ಕೇಳಬಹುದಾದ ಮಾತೊಂದಿದೆ: ‘ಎಷ್ಟು ಸವೆದಿದೆ, ಅಳೆದು ತೋರಿಸಿ.’ ನೀವು ಹೇಳಿದ ಮೂರು ಭಾಗಗಳಲ್ಲಿ ಮೊದಲ ಎರಡನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಹುದು. ಮೂರನೆಯದನ್ನು ಓಡಿಸಿ, ಕಿವಿಗೊಟ್ಟು ಕೇಳಿ, ಕೈಯಿಂದ ಅಲುಗಿಸಿ ಪತ್ತೆ ಹಚ್ಚಬಹುದು. ಮೂರೂ ಏಕಕಾಲಕ್ಕೆ ಕೆಟ್ಟಿರಬಾರದೆಂದೇನಿಲ್ಲ. ಆದರೆ ಒಂದೇ ಸದ್ದಿಗೆ ಮೂರು ಭಾಗಗಳ ಹೆಸರು ಹೇಳಿದರೆ, ಸದ್ದಿನ ಕಾರಣ ಅವರಿಗೂ ಇನ್ನೂ ಸಿಕ್ಕಿಲ್ಲ ಎಂದು ಅನುಮಾನಿಸಲು ಸಾಕಷ್ಟು ಆಧಾರವಿದೆ.

ಪ್ಯಾಡಿನಿಂದ ಆರಂಭಿಸೋಣ. ಹೊಸ ಪ್ಯಾಡಿನಲ್ಲಿ, ಚಕ್ರದೊಡನೆ ತಿರುಗುವ ಲೋಹದ ತಟ್ಟೆಯಾದ ಡಿಸ್ಕಿಗೆ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ ಇರುತ್ತದೆ. ಅದು ಸವೆದು 3 ಮಿ.ಮೀ. ಹತ್ತಿರ ಬಂದಾಗ ಬದಲಾಯಿಸುವುದು ರೂಢಿ. ಅನೇಕ ಪ್ಯಾಡುಗಳಲ್ಲಿ ಲೋಹದ ಪುಟ್ಟ ನಾಲಿಗೆಯೊಂದಿರುತ್ತದೆ. ಪದರ ತೆಳುವಾದಾಗ ಅದು ತಿರುಗುವ ಡಿಸ್ಕಿಗೆ ತಾಗಿ ಕೀಚಲು ಸದ್ದು ಹೊರಡಿಸುತ್ತದೆ. ಆ ಸದ್ದು ಬರಲೆಂದೇ ಅದನ್ನು ಅಲ್ಲಿಟ್ಟಿರುತ್ತಾರೆ. ಡಿಸ್ಕಿನ ವಿಷಯದಲ್ಲಂತೂ ವಾದಕ್ಕೆ ಎಡೆಯೇ ಇಲ್ಲ. ಕನಿಷ್ಠ ಎಷ್ಟು ದಪ್ಪ ಉಳಿದಿರಬೇಕು ಎಂಬ ಅಂಕಿಯನ್ನು ಬಹುತೇಕ ಡಿಸ್ಕುಗಳ ಮೇಲೆಯೇ ಅಚ್ಚೊತ್ತಿರುತ್ತಾರೆ. ಮೈಕ್ರೋಮೀಟರ್ ಹಿಡಿದು ಅಳೆದರೆ ಒಂದು ನಿಮಿಷದ ಕೆಲಸ. ಅಳತೆ ಆ ಅಂಕಿಗಿಂತ ಕೆಳಗಿದ್ದರೆ ಡಿಸ್ಕ್ ಬದಲಾಗಲೇಬೇಕು. ಮೇಲಿದ್ದು, ಆಳವಾದ ಗೀರು, ಬಿರುಕು, ಬ್ರೇಕ್ ಒತ್ತಿದಾಗ ನಡುಕ ಇವು ಯಾವುವೂ ಇಲ್ಲದಿದ್ದರೆ ಏಕೆ ಬದಲಾಯಿಸಬೇಕು ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ.

ಇಲ್ಲಿಯೇ ಇನ್ನೊಂದನ್ನು ಗಮನಿಸಬೇಕು. ಒಂದೇ ಚಕ್ರದ ಒಳಗಿನ ಪ್ಯಾಡ್ ಪೂರ್ತಿ ಸವೆದಿದ್ದು, ಹೊರಗಿನದು ಅರ್ಧದಷ್ಟು ಹಾಗೆಯೇ ಇದ್ದರೆ ತಪ್ಪು ಪ್ಯಾಡಿನದಲ್ಲ. ಪ್ಯಾಡುಗಳನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ತನ್ನ ಪಿನ್‌ಗಳ ಮೇಲೆ ಸಲೀಸಾಗಿ ಜಾರುತ್ತಿಲ್ಲ. ತುಕ್ಕು ಹಿಡಿದಿರಬಹುದು, ಗ್ರೀಸ್ ಒಣಗಿರಬಹುದು. ಪಿನ್ ಸ್ವಚ್ಛಗೊಳಿಸದೆ ಪ್ಯಾಡ್ ಮಾತ್ರ ಹೊಸದು ಹಾಕಿದರೆ ಅದೂ ಹಾಗೆಯೇ ಓರೆಯಾಗಿ ಸವೆಯುತ್ತದೆ. ಆಗ ಗ್ರಾಹಕ ‘ನಕಲಿ ಪ್ಯಾಡ್ ಹಾಕಿದರು’ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಪ್ಯಾಡ್ ಅಸಲಿಯೇ ಇದ್ದಿರಬಹುದು, ಹುಡುಕಾಟ ಅರ್ಧಕ್ಕೆ ನಿಂತಿತ್ತು ಅಷ್ಟೆ. ಗ್ಯಾರೇಜುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ದೊಡ್ಡ ಪಾಲು ಮೋಸದ್ದಲ್ಲ, ಇಂತಹ ಅರ್ಧಕ್ಕೆ ನಿಂತ ಹುಡುಕಾಟದ್ದು ಎಂಬುದು ನನ್ನ ದೃಢ ಅಭಿಪ್ರಾಯ. ಕೆಟ್ಟದ್ದನ್ನು ಬದಲಾಯಿಸುತ್ತಾರೆ, ಕೆಡಿಸಿದ್ದನ್ನು ಹುಡುಕುವುದಿಲ್ಲ.

ಇನ್ನು ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಆಧಾರವಾದ ಭಾಗ. ಅದು ಕೆಟ್ಟರೆ ‘ಗೊಂಯ್’ ಎಂಬ ಸದ್ದು ಬರುತ್ತದೆ, ವೇಗ ಹೆಚ್ಚಿದಂತೆ ಅದೂ ಏರುತ್ತದೆ. ಬ್ರೇಕ್ ಒತ್ತಿದರೂ ಬಿಟ್ಟರೂ ದೊಡ್ಡ ವ್ಯತ್ಯಾಸವಿರುವುದಿಲ್ಲ. ಖಾಲಿಯಾದ, ಅಗಲವಾದ ರಸ್ತೆಯಲ್ಲಿ ಸ್ಟಿಯರಿಂಗನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಎಡಕ್ಕೆ ತಿರುಗಿಸಿದಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗಿನ ಮೇಲೆ ಗುಮಾನಿ. ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದು. ಟೈರ್ ಏರುಪೇರಾಗಿ ಸವೆದಿದ್ದರೂ ಬಹುತೇಕ ಇದೇ ಸದ್ದು ಬರುತ್ತದೆ, ಆದರೆ ತಿರುಗಿಸಿದಾಗ ಅಷ್ಟಾಗಿ ಬದಲಾಗುವುದಿಲ್ಲ. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದಾಗ ಸದ್ದಿನ ಜಾಗ ಬದಲಾದರೆ ದೋಷ ಟೈರಿನದೇ. ನಿಮ್ಮ ವಿಷಯದಲ್ಲಿ ನಾನು ಹೇಳುವುದಿಷ್ಟು: ಚಕ್ರ ಬಿಚ್ಚಿಸಿ ಪ್ಯಾಡ್, ಡಿಸ್ಕ್ ಅಳತೆ ಮಾಡಿಸಿ. ಮೆಕ್ಯಾನಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಿ. ಸದ್ದಿಗೆ ಹೊಂದುವ ಒಂದು ಕಾರಣವನ್ನು ಮೊದಲು ಸರಿಪಡಿಸಿ, ಸದ್ದು ನಿಂತಿತೇ ಎಂದು ನೋಡಿ, ಮಿಕ್ಕಿದ್ದನ್ನು ಆಮೇಲೆ ಯೋಚಿಸಿ.

ಇಷ್ಟೆಲ್ಲ ಏಕೆ, ಹತ್ತು ಜನ ಒಳ್ಳೆಯದೆನ್ನುವ ಗ್ಯಾರೇಜಿಗೆ ಹೋದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. 1973ರಲ್ಲಿ ಮೈಕಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು ರಿಪೇರಿಯಂತಹ ಸೇವೆಗಳ ಸ್ವಭಾವವನ್ನು ವಿವರಿಸಿದರು: ಕೆಲವು ಸೇವೆಗಳ ಗುಣಮಟ್ಟ ಕೊಳ್ಳುವ ಮುಂಚೆಯೂ ತಿಳಿಯುವುದಿಲ್ಲ, ಕೊಂಡು ಬಳಸಿದ ಮೇಲೂ ತಿಳಿಯುವುದಿಲ್ಲ. ಮೂರು ಭಾಗ ಬದಲಾಯಿಸಿದ ಮೇಲೆ ಸದ್ದು ನಿಂತಿತು ಎಂದುಕೊಳ್ಳಿ. ಒಂದೇ ಭಾಗ ಬದಲಾಯಿಸಿದ್ದರೂ ನಿಲ್ಲುತ್ತಿತ್ತೇ? ಗ್ರಾಹಕನಿಗೆ ಎಂದೂ ಗೊತ್ತಾಗುವುದಿಲ್ಲ. ಅವನು ಸಂತೋಷದಿಂದ ಮನೆಗೆ ಹೋಗುತ್ತಾನೆ, ಆ ಗ್ಯಾರೇಜನ್ನು ಹೊಗಳುತ್ತಾನೆ. ಹಾಗಾಗಿ ಜನರ ಅಭಿಪ್ರಾಯದಿಂದ ಹೇಳಿದ ದಿನ ಗಾಡಿ ಕೊಟ್ಟರೇ, ಮರ್ಯಾದೆಯಿಂದ ಮಾತನಾಡಿಸಿದರೇ, ಹೇಳಿದ ಮೊತ್ತಕ್ಕೇ ಬಿಲ್ ಮಾಡಿದರೇ ಎಂಬುದು ತಿಳಿಯುತ್ತದೆ. ಭಾಗ ಬದಲಾಯಿಸುವ ಅಗತ್ಯವಿತ್ತೇ ಎಂಬುದು ತಿಳಿಯುವುದಿಲ್ಲ. ಪರಿಚಿತರನ್ನು ವಿಚಾರಿಸುವಾಗ ನಾನು ಕೇಳುವ ಪ್ರಶ್ನೆಗಳು ಎರಡೇ: ‘ಇದನ್ನು ಈಗ ಬದಲಾಯಿಸಬೇಕಿಲ್ಲ ಎಂದು ಅವರು ಎಂದಾದರೂ ಹೇಳಿದ್ದುಂಟೇ?’ ‘ರಿಪೇರಿ ಫಲಿಸದೆ ಗಾಡಿ ವಾಪಸ್ ಒಯ್ದಾಗ ಹೇಗೆ ನಡೆದುಕೊಂಡರು?’

ಹಣದ ಹರಿವನ್ನೂ ನೋಡಬೇಕು. 1992ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆ, ಸಿಯರ್ಸ್ ಕಂಪನಿಯ ವಾಹನ ದುರಸ್ತಿ ಕೇಂದ್ರಗಳಲ್ಲಿ ಅನಗತ್ಯ ರಿಪೇರಿ ಮಾರಲಾಗುತ್ತಿದೆ ಎಂದು ಆರೋಪ ಹೊರಿಸಿತು. ಅಲ್ಲಿ ಗ್ರಾಹಕರಿಗೆ ಸಲಹೆ ನೀಡುವ ಸಿಬ್ಬಂದಿಗೆ ಮಾರಾಟದ ಮೇಲೆ ಕಮಿಷನ್ ಸಿಗುತ್ತಿತ್ತು, ಮುಟ್ಟಲೇಬೇಕಾದ ಗುರಿಗಳಿದ್ದವು. ಕಂಪನಿ ಅದೇ ವರ್ಷ ಆ ಕಮಿಷನ್ ಪದ್ಧತಿಯನ್ನು ಕೈಬಿಟ್ಟಿತು. ಒಳ್ಳೆಯ ಕೆಲಸಗಾರನನ್ನೂ ಕೆಟ್ಟ ಸಂಬಳದ ಪದ್ಧತಿ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಇದರ ಇನ್ನೊಂದು ಮುಖ ‘ಉಚಿತ ತಪಾಸಣೆ’. ತಪಾಸಣೆಗೆ ಕಾಸು ಬರದಿದ್ದರೆ ಮೆಕ್ಯಾನಿಕನ ಒಂದು ಗಂಟೆಯ ಶ್ರಮಕ್ಕೆ ಬೆಲೆ ಎಲ್ಲಿಂದ ಬರಬೇಕು? ಬದಲಾಯಿಸುವ ಭಾಗದಿಂದಲೇ. ಏನನ್ನೂ ಬದಲಾಯಿಸಬೇಕಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದವನು ಬರಿಗೈಯಲ್ಲಿ ಉಳಿಯುತ್ತಾನೆ. ಆದ್ದರಿಂದ ದೋಷ ಹುಡುಕುವ ಕೆಲಸಕ್ಕೆ ಪ್ರತ್ಯೇಕ ಶುಲ್ಕ ಕೇಳುವ ಗ್ಯಾರೇಜನ್ನು ಕಂಡು ಸಿಡಿಮಿಡಿಗೊಳ್ಳಬೇಡಿ. ಸಂತೋಷದಿಂದ ಕೊಡಿ, ಕಂಡುಬಂದದ್ದನ್ನು ಬರೆಸಿಕೊಳ್ಳಿ. ಆ ಚೀಟಿ ನಿಮ್ಮದು, ಅದನ್ನು ಹಿಡಿದು ರಿಪೇರಿಯನ್ನು ಎಲ್ಲಿ ಬೇಕಾದರೂ ಮಾಡಿಸಬಹುದು. ಎರಡನೆಯ ಅಭಿಪ್ರಾಯವೇ ಬೇಕೆನಿಸಿದರೆ ಮಾತ್ರ ಆ ಚೀಟಿ ಜೇಬಿನಲ್ಲಿಯೇ ಇರಲಿ. ಮೊದಲನೆಯವರು ಹೇಳಿದ್ದನ್ನು ಕೇಳಿಸಿಕೊಂಡವರು ಹೊಸದಾಗಿ ಹುಡುಕುವುದಿಲ್ಲ.

ಎಂಜಿನ್ ದೀಪ ಹೊತ್ತಿದಾಗ ಸ್ಕ್ಯಾನರ್ ಜೋಡಿಸಿ, ‘ನೋಡಿ, ಕಂಪ್ಯೂಟರೇ ಹೇಳುತ್ತಿದೆ’ ಎನ್ನುವುದುಂಟು. ಪರದೆಯ ಮೇಲಿನ ಸಂಖ್ಯೆ ಕಂಡ ಕೂಡಲೇ ಗ್ರಾಹಕ ಸುಮ್ಮನಾಗುತ್ತಾನೆ. ಆದರೆ ಆ ಕೋಡ್ ಹೇಳುವುದು ಲಕ್ಷಣವನ್ನು, ಜ್ವರಮಾಪಕ ಜ್ವರವನ್ನು ಮಾತ್ರ ತೋರಿಸುವ ಹಾಗೆ. ಪಿ0420 ಎಂಬ ಕೋಡ್ ತೆಗೆದುಕೊಳ್ಳಿ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನ ಸಾಮರ್ಥ್ಯ ಮಿತಿಗಿಂತ ಕೆಳಗಿಳಿದಿದೆ ಎಂಬುದು ಅದರ ಅರ್ಥ. ಕನ್ವರ್ಟರೇ ಹಾಳಾಗಿರಬಹುದು. ಹೊಗೆ ಕೊಳವೆ ಎಲ್ಲಿಯೋ ಸೋರುತ್ತಿರಬಹುದು. ಆಮ್ಲಜನಕದ ಸೆನ್ಸರ್ ಹಳೆಯದಾಗಿ ತಪ್ಪು ಲೆಕ್ಕ ಕೊಡುತ್ತಿರಬಹುದು. ಸ್ಪಾರ್ಕ್ ಪ್ಲಗ್ ಸರಿಯಾಗಿ ಉರಿಸದೆ ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗುತ್ತಿದ್ದರೆ, ಹೊಸ ಕನ್ವರ್ಟರ್ ಹಾಕಿದರೂ ಅದೂ ಸುಟ್ಟುಹೋಗುತ್ತದೆ. ಕಾರಿನ ತುಟ್ಟಿ ಭಾಗಗಳಲ್ಲಿ ಇದೂ ಒಂದು ಎಂಬುದನ್ನು ನೆನಪಿಡಿ. ಪಿ0171 ಬಂದರೂ ಅಷ್ಟೆ: ಎಂಜಿನ್ನಿಗೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗುತ್ತಿದೆ. ಬಿರಿದ ರಬ್ಬರ್ ಕೊಳವೆಯಿಂದ ಹಿಡಿದು ದುರ್ಬಲಗೊಂಡ ಪೆಟ್ರೋಲ್ ಪಂಪಿನವರೆಗೆ ಏನು ಬೇಕಾದರೂ ಕಾರಣವಿರಬಹುದು. ಕೋಡ್ ಓದಿದ ಮೇಲೆ ಇನ್ನೇನು ಪರೀಕ್ಷೆ ಮಾಡಿದಿರಿ ಎಂದು ಕೇಳಿ. ಕೋಡ್ ಅಳಿಸುವ ಮುಂಚೆ ಅದನ್ನೂ, ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ, ಉಷ್ಣತೆ ಎಷ್ಟಿತ್ತು ಎಂದು ಕಾರು ದಾಖಲಿಸಿಕೊಂಡ ವಿವರವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅಳಿಸಿದ ಮೇಲೆ ಆ ಸುಳಿವು ಹೋಯಿತು.

ಬ್ಯಾಟರಿಗೆ ಒಂದು ವೋಲ್ಟ್‌ಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಆಗಿದೆ. 12ಕ್ಕೆ ಇಳಿದಿದ್ದರೆ ಬಹುತೇಕ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 14 ವೋಲ್ಟ್ ಆಸುಪಾಸಿನಲ್ಲಿರಬೇಕು. ಅಲ್ಲಿಗೆ ಏರದಿದ್ದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರನ್ನು ಪರೀಕ್ಷಿಸಬೇಕು, ಬ್ಯಾಟರಿ ಬದಲಾಯಿಸಿ ಪ್ರಯೋಜನವಿಲ್ಲ. ಟರ್ಮಿನಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಮೊದಲು ಅದನ್ನು ಉಜ್ಜಿ ತೆಗೆಸಿ.

ಹಾಗೆಂದು, ಹಾಳಾಗಿದ್ದನ್ನು ಕಣ್ಣಿಗೆ ತೋರಿಸಲಾಗದ ಪ್ರತಿಯೊಂದು ಸಲಹೆಯನ್ನೂ ಮೋಸ ಎನ್ನಬಾರದು. ಎಂಜಿನ್ನಿನೊಳಗಿನ ಪಿಸ್ಟನ್, ವಾಲ್ವುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸುವ ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿಯೇ ಕಾಣುತ್ತಿದ್ದು ಒಂದು ದಿನ ತುಂಡಾಗಬಹುದು. ಅನೇಕ ಎಂಜಿನ್ನುಗಳಲ್ಲಿ ಆಗ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಎಂಜಿನ್ನೇ ಕೆಡುತ್ತದೆ. ಆದ್ದರಿಂದ ಅದನ್ನು ಕಿಲೋಮೀಟರ್ ಮತ್ತು ವರ್ಷಗಳ ಲೆಕ್ಕದಲ್ಲಿಯೇ ಬದಲಾಯಿಸುತ್ತಾರೆ. ಬ್ರೇಕ್ ದ್ರವವೂ ಹಾಗೆಯೇ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿಕೊಂಡ ಸ್ಥಿತಿಯಲ್ಲಿ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ದ್ರವ ಕುದಿದರೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಇಂತಹ ಕೆಲಸಗಳಿಗೆ ತೀರ್ಪು ಹೇಳುವುದು ಕಾರಿನೊಡನೆ ಬಂದ ಕೈಪಿಡಿ. ಅದರಲ್ಲಿಲ್ಲದ, ಯಾವ ಲಕ್ಷಣವೂ ಕಾಣದೆ ಪ್ರತಿ ಸರ್ವಿಸಿನಲ್ಲಿಯೂ ತಪ್ಪದೆ ಹೇಳುವ ಎಂಜಿನ್ ಫ್ಲಶ್, ಇಂಜೆಕ್ಟರ್ ಶುದ್ಧಿ, ಬಾಟಲಿಯಲ್ಲಿ ಸುರಿಯುವ ಔಷಧಗಳನ್ನು ನಯವಾಗಿ ಬೇಡವೆನ್ನಿ.

ಗ್ರಾಹಕನ ಪಾಲಿನ ಕೆಲಸವೂ ಸ್ವಲ್ಪ ಇದೆ. ‘ಬ್ಯಾಟರಿ ಬದಲಾಯಿಸಿ’ ಎಂದು ಹೋದರೆ ಬ್ಯಾಟರಿ ಬದಲಾಯಿಸಿ ಕೊಡುತ್ತಾರೆ, ತಪ್ಪು ಅವರದಾಗುವುದಿಲ್ಲ. ‘ಎರಡು ದಿನ ನಿಂತರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ದಿನವೂ ಓಡಿಸಿದರೆ ಆಗುತ್ತದೆ’ ಎಂದು ಹೇಳಿ ನೋಡಿ. ನಿಂತಲ್ಲಿಯೇ ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಅವರಿಗೊಂದು ದಾರಿ ಸಿಗುತ್ತದೆ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಯಾವ ವೇಗದಲ್ಲಿ, ತಿರುವಿನಲ್ಲೋ ಉಬ್ಬಿನ ಮೇಲೋ ಎಂಬುದನ್ನು ಬರೆದುಕೊಂಡು ಹೋಗಿ. ಸದ್ದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ, ಗ್ಯಾರೇಜಿನ ಮುಂದೆ ನಿಂತಾಗ ಅದು ಬಂದೇ ಬರುತ್ತದೆಂಬ ಭರವಸೆಯಿಲ್ಲ. ದರವನ್ನೂ ಮೊದಲೇ ವಿಚಾರಿಸಿಕೊಂಡು ಹೋಗಿ. ಮೆಘನ್ ಬುಸ್ಸೆ ಮತ್ತು ಸಂಗಡಿಗರು ಅಮೆರಿಕದಲ್ಲಿ ಗ್ಯಾರೇಜುಗಳಿಗೆ ಫೋನ್ ಮಾಡಿಸಿ ನಡೆಸಿದ ಅಧ್ಯಯನವೊಂದಿದೆ. ದರದ ಅಂದಾಜೇ ಇಲ್ಲ ಎಂದ ಮಹಿಳೆಯರಿಗೆ, ಹಾಗೆಯೇ ಹೇಳಿದ ಪುರುಷರಿಗಿಂತ ಹೆಚ್ಚಿನ ದರ ಹೇಳಿದರು. ತಾವು ನಿರೀಕ್ಷಿಸುವ ಮೊತ್ತವನ್ನು ಮಾತಿನ ನಡುವೆ ಹೇಳಿದಾಗ ಆ ತಾರತಮ್ಯ ಮಾಯವಾಯಿತು.

ಕೆಲಸಕ್ಕೆ ಒಪ್ಪಿಗೆ ಕೊಡುವ ಮುಂಚೆ ಭಾಗಕ್ಕೆಷ್ಟು, ಮಜೂರಿಗೆಷ್ಟು ಎಂದು ಬೇರೆಬೇರೆಯಾಗಿ ಬರೆದುಕೊಡಲು ಹೇಳಿ. ಹೆಚ್ಚುವರಿ ಕೆಲಸ ಕಂಡುಬಂದರೆ ಫೋನ್ ಮಾಡದೆ ಕೈ ಹಾಕಬೇಡಿ ಎಂದು ತಿಳಿಸಿ. ತೆಗೆದ ಹಳೆಯ ಭಾಗ ನೋಡಬೇಕು ಎಂಬುದನ್ನೂ ಆಗಲೇ ಹೇಳಿಬಿಡಿ, ಸಂಜೆ ಬಿಲ್ ಕೊಡುವಾಗ ಕೇಳಿದರೆ ಅದು ಗುಜರಿಗೆ ಸೇರಿರುತ್ತದೆ. ಆಲ್ಟರ್ನೇಟರ್, ಸ್ಟಾರ್ಟರ್ ಮುಂತಾದವನ್ನು ಪುನರ್‌ನಿರ್ಮಾಣಕ್ಕೆ ಹಿಂದಿರುಗಿಸುವುದುಂಟು, ಆದ್ದರಿಂದ ಮನೆಗೆ ಕೊಡಲಾರರು, ತೋರಿಸಲು ಅಡ್ಡಿಯಿಲ್ಲ. ‘ಇದನ್ನು ಈಗ ಬಿಟ್ಟರೆ ಏನಾಗುತ್ತದೆ?’ ಎಂದೂ ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ನೇರವಾಗಿ ಉತ್ತರಿಸುತ್ತಾನೆ: ಇದು ಇಂದೇ ಆಗಬೇಕು, ಅದು ಮುಂದಿನ ಸರ್ವಿಸಿಗೆ ಬಿಡಬಹುದು. ಆದರೆ ಬ್ರೇಕ್ ಪೆಡಲ್ ನೆಲಕ್ಕೆ ಹೋಗುತ್ತಿದ್ದರೆ, ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿದರೆ, ಎಂಜಿನ್ ಉಷ್ಣತೆಯ ಮುಳ್ಳು ಕೆಂಪಿಗೆ ಏರಿದರೆ ಎರಡನೆಯ ಅಭಿಪ್ರಾಯಕ್ಕೆಂದು ಓಡಿಸಿಕೊಂಡು ಹೋಗಬೇಡಿ. ಗಾಡಿ ಅಲ್ಲಿಯೇ ನಿಲ್ಲಬೇಕು.

ಎಲ್ಲ ಮಾಡಿಯೂ ದೋಷ ಉಳಿದರೆ ಮೊದಲ ಬಾರಿ ಅದೇ ಗ್ಯಾರೇಜಿಗೇ ಹೋಗಿ. ಬಿಲ್ ಕೈಯಲ್ಲಿರಲಿ, ಸಿಟ್ಟು ಮನೆಯಲ್ಲಿರಲಿ. ‘ಈ ಭಾಗ ಬದಲಾಯಿಸಿದ ಮೇಲೂ ಲಕ್ಷಣ ಹಾಗೆಯೇ ಇದೆ, ಒಮ್ಮೆ ಜೊತೆಗೆ ಬಂದು ನೋಡಿ’ ಎಂದು ಹೇಳಿ. ಅವರು ಗಾಡಿ ಹತ್ತಿ ಬಂದು, ಕೇಳಿ, ಮತ್ತೆ ಮೊದಲಿನಿಂದ ಪರೀಕ್ಷೆ ಆರಂಭಿಸಿದರೆ ಆ ಗ್ಯಾರೇಜನ್ನು ಬಿಡಬೇಡಿ. ಪರೀಕ್ಷೆಯೇ ಇಲ್ಲದೆ ಬದಲಾಯಿಸಬೇಕಾದ ಮುಂದಿನ ಭಾಗದ ಹೆಸರು ಹೇಳಿದರೆ ಕೀ ವಾಪಸ್ ತೆಗೆದುಕೊಳ್ಳಿ. ಬೇರೆ ಕಡೆ ಹೋಗುವಾಗ ಈವರೆಗೆ ಏನೇನು ಬದಲಾಗಿದೆ ಎಂಬ ಬಿಲ್ಲುಗಳನ್ನು ಜೊತೆಗೆ ಒಯ್ಯಿರಿ, ಇಲ್ಲವಾದರೆ ಅವರೂ ಅದೇ ಪ್ಯಾಡಿನಿಂದ ಶುರು ಮಾಡುತ್ತಾರೆ.