ಹಳೇ ಐ7 ಒಳ್ಳೇದಾ, ಆಮೇಲಿನ ಐ5 ಒಳ್ಳೇದಾ?

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿ. ಮೇಜಿನ ಮೇಲೆ ಎರಡು ಹಳೇ ಕಂಪ್ಯೂಟರ್, ಕಪ್ಪು ಡಬ್ಬಗಳು. ಎರಡೂ ಯಾವುದೋ ಕಂಪನಿಯ ಆಫೀಸಿನಲ್ಲಿ ದುಡಿದು ಬಂದವು. ಒಂದು ಡೆಲ್ ಆಪ್ಟಿಪ್ಲೆಕ್ಸ್ 9020, ಒಳಗೆ ಇಂಟೆಲ್ ಐ7-4770 ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್. ಇನ್ನೊಂದು ಆಪ್ಟಿಪ್ಲೆಕ್ಸ್ 7060, ಒಳಗೆ ಐ5-8500. ಎರಡನೆಯದಕ್ಕೆ ಐದು ಸಾವಿರ ಜಾಸ್ತಿ.

ಬಿ.ಕಾಂ. ಓದುತ್ತಿರುವ ತಂಗಿಯ ಮಗಳಿಗಾಗಿ ಹೋಗಿದ್ದೆವು. ಅಂಗಡಿಯವರು ಎರಡನ್ನೂ ಒಟ್ಟಿಗೆ ಆನ್ ಮಾಡಿದರು. 9020 ಇಪ್ಪತ್ತು ಸೆಕೆಂಡಿನಲ್ಲಿ ಸಿದ್ಧ. 7060 ಒಂದೂವರೆ ನಿಮಿಷ ಕಳೆದರೂ ಇನ್ನೂ ಸುತ್ತುತ್ತಿತ್ತು. "ಐ7 ಅಲ್ವಾ ಮಾಮ, ಬೇಗ ಬಂತು. ದುಡ್ಡೂ ಕಡಿಮೆ. ಇದೇ ಸಾಕು" ಅಂದಳು.

ಅವಳ ಕಣ್ಣಿಗೆ ಕಂಡದ್ದು ನಿಜವೇ. ಆದರೆ ಆ ವೇಗ ಐ7ನದ್ದಲ್ಲ. 9020ರಲ್ಲಿ ಎಸ್‌ಎಸ್‌ಡಿ ಹಾಕಿದ್ದರು. 7060ರಲ್ಲಿ ಆಫೀಸಿನ ಕಾಲದ ಹಾರ್ಡ್ ಡಿಸ್ಕೇ ಉಳಿದಿತ್ತು. ಎರಡೂ ವಿಂಡೋಸ್, ಫೈಲುಗಳನ್ನು ಇಟ್ಟುಕೊಳ್ಳುವ ಜಾಗಗಳೇ.

ಹಾರ್ಡ್ ಡಿಸ್ಕ್ ಅಂದರೆ ತಿರುಗುವ ತಟ್ಟೆ. ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಓದುವ ಮುಳ್ಳು ಸರಿಯಾದ ದಾರಿಗೆ ಜರುಗಬೇಕು, ಬೇಕಾದ ಮಾಹಿತಿ ತಿರುಗಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ಎಲ್ಲ ಸೇರಿ ಒಂದು ಸಲ ಹುಡುಕಲು ಸುಮಾರು 12 ಮಿಲಿಸೆಕೆಂಡ್. ನಮಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ವಿಂಡೋಸ್ ಶುರುವಾಗುವಾಗ ಅಲ್ಲೊಂದು ಇಲ್ಲೊಂದು ಅಂತ ಚದುರಿದ ಸಾವಿರಾರು ಚೂರುಗಳನ್ನು ಓದಬೇಕು. ಎಂಟು ಸಾವಿರ ಕಡೆ ಅಂತ ಇಟ್ಟುಕೊಳ್ಳಿ. 12 ಮಿಲಿಸೆಕೆಂಡಿನಂತೆ 96 ಸೆಕೆಂಡ್ ಆಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಒಂದು ಸಲಕ್ಕೆ 0.1 ಮಿಲಿಸೆಕೆಂಡ್ ಅಂತ ಹಿಡಿದರೂ ಅಷ್ಟೇ ಕೆಲಸಕ್ಕೆ ಒಂದು ಸೆಕೆಂಡೂ ಬೇಡ. ಹಾಗಾಗಿ ಎಸ್‌ಎಸ್‌ಡಿ ಇರುವ 9020, ಹಾರ್ಡ್ ಡಿಸ್ಕಿನ 7060ನ್ನು ದಿನಬಳಕೆಯಲ್ಲಿ ಸುಲಭವಾಗಿ ಹಿಂದೆ ಹಾಕುತ್ತದೆ. ಅಂಗಡಿಯಲ್ಲಿ ನಾವು ನೋಡಿದ್ದು ಅದನ್ನೇ.

ಆದರೆ ಡಿಸ್ಕ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಈ ಆಫೀಸ್ ಯಂತ್ರಗಳ ಮುಚ್ಚಳ ತೆಗೆಯಲು ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ, ಚಿಲಕ ಎಳೆದರೆ ಸಾಕು. ಇನ್ನೂರು ಯಂತ್ರ ನೋಡಿಕೊಳ್ಳುವ ರಿಪೇರಿಯವರಿಗೆ ಅನುಕೂಲವಾಗಲಿ ಅಂತಲೇ ಹೀಗೆ ಮಾಡಿರುತ್ತಾರೆ. ಹಾಗಾಗಿ ಅವಳಿಗೆ ನಾನು ಹೇಳಿದ್ದು ಇಷ್ಟೇ: ಬದಲಾಯಿಸಬಹುದಾದದ್ದನ್ನು ನೋಡಿ ಯಂತ್ರ ಆರಿಸಬೇಡ, ಬದಲಾಯಿಸಲಾಗದ್ದನ್ನು ನೋಡು.

ಬದಲಾಯಿಸಲಾಗದ್ದು ಮದರ್‌ಬೋರ್ಡ್. ಎಲ್ಲ ಭಾಗಗಳೂ ಕೂರುವ ಹಲಗೆ ಅದು. ಅದರ ಜೊತೆಗೇ ಪ್ರೊಸೆಸರಿನ ಪೀಳಿಗೆ. 4770ರ ಮೊದಲ ಅಂಕಿ 4, ಅಂದರೆ ನಾಲ್ಕನೇ ಪೀಳಿಗೆ, 2013ರದ್ದು. 8500 ಎಂಟನೇ ಪೀಳಿಗೆ, 2018ರದ್ದು. ಐ5, ಐ7 ಅನ್ನುವುದು ಆಯಾ ಪೀಳಿಗೆಯೊಳಗಿನ ಸ್ಥಾನ ಮಾತ್ರ. ಐದು ವರ್ಷದ ಅಂತರವನ್ನು ಆ 7 ಹೇಳುವುದೇ ಇಲ್ಲ.

4770ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. 8500ರಲ್ಲಿ ಆರು ಕೋರ್, ಆರು ಥ್ರೆಡ್. ಎಂಟು ದೊಡ್ಡದು ಅನಿಸುತ್ತದೆ. ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ನಾಲ್ಕು ಜನ ಭಟ್ಟರು, ಒಬ್ಬೊಬ್ಬರಿಗೂ ಎರಡೆರಡು ಒಲೆ. ಒಂದರಲ್ಲಿ ಬೇಳೆ ಬೇಯುತ್ತಿರುವಾಗ ಇನ್ನೊಂದರಲ್ಲಿ ಒಗ್ಗರಣೆ ಹಾಕಬಹುದು. ಆದರೆ ಎರಡು ಒಲೆಯಲ್ಲೂ ಕೈಬಿಡದೆ ತಿರುವಬೇಕಾದ ಪಾಕ ಇದ್ದರೆ? ಕೈ ಇರುವುದು ಒಬ್ಬರದ್ದೇ. ಕೋರ್ ಅಂದರೆ ಭಟ್ಟ, ಥ್ರೆಡ್ ಅಂದರೆ ಒಲೆ. ಎರಡನೇ ಥ್ರೆಡ್ ಅಂದರೆ ಆ ಎರಡನೇ ಒಲೆ, ಇನ್ನೊಬ್ಬ ಭಟ್ಟ ಅಲ್ಲ. ಎಲ್ಲರೂ ಬೆವರು ಹರಿಸುವಂಥ ಕೆಲಸ ಬಂದಾಗ ಆರು ಜನ ಆರು ಒಲೆಯೇ ಗೆಲ್ಲುತ್ತದೆ. 4770 ಗರಿಷ್ಠ 3.9 ಗಿಗಾಹರ್ಟ್ಸ್ ಮುಟ್ಟಿದರೆ 8500 ಗರಿಷ್ಠ 4.1 ಮುಟ್ಟುತ್ತದೆ. ಹೀಗಾಗಿ ಒಂಟಿ ಕೋರಿನ ಓಟದಲ್ಲೂ ಹೊಸದೇ ಮುಂದು. ಆದರೆ ಟೈಪ್ ಮಾಡುವುದಕ್ಕೆ, ಹತ್ತು ಟ್ಯಾಬ್ ತೆರೆದು ಓದುವುದಕ್ಕೆ ಈ ವ್ಯತ್ಯಾಸ ಅಷ್ಟೇನೂ ಗೊತ್ತಾಗುವುದಿಲ್ಲ, ಅದೂ ನಿಜ.

ಗೊತ್ತಾಗುವುದು ವಿಡಿಯೋದಲ್ಲಿ. ಯೂಟ್ಯೂಬ್ ವಿಡಿಯೋಗಳನ್ನು ಹೆಚ್ಚಾಗಿ ವಿಪಿ9ನಂಥ ವಿಧಾನಗಳಲ್ಲಿ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ. ಬಿಚ್ಚುವ ಕೆಲಸ ನಮ್ಮ ಯಂತ್ರದ್ದು. 8500ರ ಒಳಗಿನ ಗ್ರಾಫಿಕ್ಸ್‌ನಲ್ಲಿ ವಿಪಿ9 ಬಿಚ್ಚಲು ಮೀಸಲಾದ ಸರ್ಕ್ಯೂಟ್ ಇದೆ. ಅದು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. 4770ರಲ್ಲಿ ಅಂಥದ್ದು ಇಲ್ಲ, ಹೆಚ್ಚಿನ ಹೊರೆ ಪ್ರೊಸೆಸರಿನ ತಲೆ ಮೇಲೆ ಬೀಳುತ್ತದೆ. ಮನೆಯಲ್ಲಿ ಯಾರೋ 4ಕೆ ವಿಡಿಯೋ ಹಾಕಿದ ಕೂಡಲೇ ಹಳೇ ಡಬ್ಬದ ಫ್ಯಾನ್ ಜೋರಾಗುವುದಕ್ಕೆ ಇದೇ ಕಾರಣ. ಎವಿ1 ಅನ್ನುವ ಇನ್ನೂ ಹೊಸ ವಿಧಾನಕ್ಕೆ ಮಾತ್ರ ಎರಡರಲ್ಲೂ ಮೀಸಲು ಸರ್ಕ್ಯೂಟ್ ಇಲ್ಲ.

ಎಲ್ಲಕ್ಕಿಂತ ದೊಡ್ಡ ಗೆರೆ ಎಳೆದದ್ದು ವಿಂಡೋಸ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವ ಇಂಟೆಲ್ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಶುರು. ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. 7060 ಪಾಸು, 9020 ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ, ಆದರೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆ ಇರುವುದಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಸಾಕು ಅನ್ನುವವರಿಗೆ ಈ ಗೆರೆಯೇ ಇಲ್ಲ. ಅಂಥವರು ಐದು ಸಾವಿರ ಉಳಿಸಿ 9020 ತೆಗೆದುಕೊಂಡರೆ ನಾನು ಖಂಡಿತ ಬೇಡ ಅನ್ನುವುದಿಲ್ಲ. ನಮ್ಮ ಹುಡುಗಿಗೆ ಟ್ಯಾಲಿ ಕಲಿಯಬೇಕು. ಬೆಂಗಳೂರಿನದ್ದೇ ಲೆಕ್ಕಪತ್ರದ ತಂತ್ರಾಂಶ, ಆದರೆ ಓಡುವುದು ವಿಂಡೋಸ್‌ನಲ್ಲಿ. ಅಲ್ಲಿಗೆ ತೀರ್ಮಾನ ಆದ ಹಾಗೆಯೇ.

ಕರೆಂಟ್ ಬಿಲ್ಲಿನ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. 4770ರ ಗುರುತು 84 ವ್ಯಾಟ್, 8500ರದ್ದು 65. ಆದರೆ ಇಡೀ ಹೊತ್ತು ಅಷ್ಟು ತಿನ್ನುವುದಿಲ್ಲ. 15 ವ್ಯಾಟ್ ವ್ಯತ್ಯಾಸ, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂತ ಹಿಡಿದರೂ 36 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ವರ್ಷಕ್ಕೆ 216 ರೂಪಾಯಿ.

ರ‍್ಯಾಮ್ (ಕೆಲಸ ನಡೆಯುವಾಗ ಮಾಹಿತಿ ಇಟ್ಟುಕೊಳ್ಳುವ ಪಟ್ಟಿ) ಕಡೆ ಮಾತ್ರ ಕಣ್ಣಿಡಿ. 9020ಕ್ಕೆ ಡಿಡಿಆರ್3, 7060ಕ್ಕೆ ಡಿಡಿಆರ್4. ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಒಂದೇ 16 ಜಿಬಿ ಪಟ್ಟಿಯ ಬದಲು 8 ಜಿಬಿಯ ಎರಡು ಹಾಕಿಸಿ. ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹರಿಯುತ್ತದೆ. 2666ರ ಡಿಡಿಆರ್4 ಒಂದೇ ದಾರಿಯಲ್ಲಿ ಸೆಕೆಂಡಿಗೆ ಸುಮಾರು 21 ಜಿಬಿ ಸಾಗಿಸಿದರೆ, ಎರಡರಲ್ಲಿ 42ರಷ್ಟು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮ್ ಬೇಕಲ್ಲ. ಪವರ್ ಸಪ್ಲೈ ಕೆಟ್ಟರೆ ಮಾತ್ರ ಎರಡರಲ್ಲೂ ತೊಂದರೆ ಒಂದೇ. ಮಾರುಕಟ್ಟೆಯ ಮಾಮೂಲಿ ಪ್ಲಗ್ ಇವಕ್ಕೆ ನೇರವಾಗಿ ಹೊಂದುವುದಿಲ್ಲ. ಅದಕ್ಕೇ ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ, ಹಿಂದೆ ಕೈಯಿಟ್ಟು ಬಿಸಿ ನೋಡಿ. ತಾರೀಖು ತಪ್ಪು ತೋರಿಸಿದರೆ ಹೆದರಬೇಡಿ, ಒಳಗಿನ ನಾಣ್ಯದಂಥ ಬ್ಯಾಟರಿ ಖಾಲಿಯಾಗಿರುತ್ತದೆ. ಸಿಆರ್2032 ಅಂತ ಕೇಳಿದರೆ ಎಲ್ಲ ಕಡೆ ಸಿಗುತ್ತದೆ.

7060ನ್ನೇ ತಂದೆವು, ಎಸ್‌ಎಸ್‌ಡಿ ಬೇರೆ ಕೊಂಡು. ಮನೆಯಲ್ಲಿ ಅವಳೇ ಚಿಲಕ ಎಳೆದು, ನೀಲಿ ಚೌಕಟ್ಟಿನಿಂದ ಹಳೇ ಡಿಸ್ಕ್ ಬಿಡಿಸಿದಳು. ವಿಂಡೋಸ್ 11 ಹಾಕಿ ಮುಗಿದ ಮೇಲೆ ಹದಿನೈದು ಸೆಕೆಂಡಿಗೆ ಪರದೆ ಬಂತು. ತೆಗೆದ ಡಿಸ್ಕನ್ನು ಕೇಬಲ್ಲಿಗೆ ಸಿಕ್ಕಿಸಿ ಅದು ಎಷ್ಟು ಓಡಿದೆ ಅಂತ ನೋಡಿದೆವು. 11,200 ಗಂಟೆ ಅಂತಿತ್ತು. ಅವಳು ಅಲ್ಲೇ ಲೆಕ್ಕ ಹಾಕಿದಳು. ದಿನಕ್ಕೆ ಒಂಬತ್ತು ಗಂಟೆ, ವರ್ಷಕ್ಕೆ 250 ಕೆಲಸದ ದಿನ, ಹತ್ತಿರ ಹತ್ತಿರ ಐದು ವರ್ಷ. ಯಾರೋ ಬೆಳಗ್ಗೆ ಒಂಬತ್ತಕ್ಕೆ ಆನ್ ಮಾಡಿ, ಸಂಜೆ ಆರಕ್ಕೆ ತಪ್ಪದೆ ಆಫ್ ಮಾಡಿ ಮನೆಗೆ ಹೋಗುತ್ತಿದ್ದ ಯಂತ್ರ.