ಗರ್ಭಕಂಠದ ಬಯಾಪ್ಸಿಗೆ ಇಆರ್, ಪಿಆರ್ ಏಕೆ ಕೇಳುತ್ತೀರಿ?

ಸ್ತನದ ಗಂಟಿನ ಬಯಾಪ್ಸಿ ಕಳಿಸುವಾಗ ಇಆರ್, ಪಿಆರ್ (ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ರಿಸೆಪ್ಟರ್ ಪರೀಕ್ಷೆ) ಎಂದು ಬರೆಯುವುದು ಸರಿಯಾದ ರೂಢಿ. ಅದೇ ರೂಢಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ವಿಜಯಪುರದ ಲ್ಯಾಬಿಗೆ ಬರುವ ಗರ್ಭಕಂಠದ ಚೂರಿನ ಚೀಟಿಯಲ್ಲೂ ಇವನ್ನು ಕೇಳುವುದುಂಟು. ಎಚ್‌ಪಿವಿ ಎಂಬ ವೈರಸ್ಸಿನಿಂದಾದ ಕ್ಯಾನ್ಸರ್‌ಪೂರ್ವ ಗಾಯದಲ್ಲಿ ಈ ವರದಿ ಚಿಕಿತ್ಸೆಯನ್ನು ಬದಲಿಸುವುದಿಲ್ಲ. ಆ ದುಡ್ಡನ್ನು ಪಿ16, ಕಿ-67 (ವಿಭಜನೆಯಾಗುತ್ತಿರುವ ಕೋಶಗಳ ಗುರುತು) ಎಂಬ ಪ್ರೋಟೀನುಗಳ ಪರೀಕ್ಷೆಗೆ ಹಾಕಿ.

ರಿಸೆಪ್ಟರ್‌ಗಳಿಗೆ ಈ ರೋಗದಲ್ಲಿ ಪಾತ್ರವಿಲ್ಲವೆಂದಲ್ಲ. ಜೀವಕೋಶದ ಹೊರಪೊರೆಯ ಮೇಲಿರುವ ಇಜಿಎಫ್ (ಬೆಳೆಯುವ ಸಂಕೇತ ಕೊಡುವ ಪ್ರೋಟೀನು) ರಿಸೆಪ್ಟರ್ ಕೆಲಸ ಮುಗಿದ ಮೇಲೆ ಒಳಗೆ ಹೋಗಿ ನಾಶವಾಗಬೇಕು. ವೈರಸ್ಸಿನ ಇ5 ಪ್ರೋಟೀನು ಅದಕ್ಕೆ ಅಡ್ಡಿ ಮಾಡುವುದರಿಂದ ಅದು ಮತ್ತೆ ಪೊರೆಗೇ ಮರಳುತ್ತದೆ, ಬೆಳೆಯುವ ಸಂಕೇತ ನಿಲ್ಲುವುದಿಲ್ಲ. ಆರೋಗ್ಯವಂತ ಗರ್ಭಕಂಠದಲ್ಲಿ ಈ ಇಜಿಎಫ್ ರಿಸೆಪ್ಟರನ್ನು ತೋರಿಸುವ ಬಣ್ಣ ಮುಖ್ಯವಾಗಿ ತಳದ ಪದರಗಳಲ್ಲಿರುತ್ತದೆ. ಸಿಐಎನ್ 3 (ಕ್ಯಾನ್ಸರ್‌ಪೂರ್ವ ಗಾಯದ ಮೂರು ಹಂತಗಳಲ್ಲಿ ಕೊನೆಯದು) ಗಾಯದಲ್ಲಿ ಮೇಲಿನ ಪದರಗಳಲ್ಲೂ ಬಲೆ ಹಾಸಿದಂತೆ ಕಾಣಬಹುದು. ಈಸ್ಟ್ರೋಜನ್ ರಿಸೆಪ್ಟರಿನದು ಸಾಮಾನ್ಯವಾಗಿ ತಿರುವುಮುರುವು. ಗಾಯ ಬಲಿತಂತೆ ಹೊರಪದರದ ಕೋಶಗಳಲ್ಲಿ ಕಡಿಮೆಯಾಗಿ ಕೆಳಗಿನ ಸ್ಟ್ರೋಮಾದಲ್ಲಿ (ಆಧಾರದ ಅಂಗಾಂಶ) ಉಳಿಯುತ್ತದೆ. ಅಷ್ಟಕ್ಕೇ ಹಾರ್ಮೋನಿನ ಕೈವಾಡ ಮುಗಿಯಿತು ಎನ್ನಲಾಗದು: ಎಚ್‌ಪಿವಿ 16ರ ಜೀನು ಸೇರಿಸಿದ ಇಲಿಗಳಿಗೆ ದೀರ್ಘಕಾಲ ಈಸ್ಟ್ರೋಜನ್ ಕೊಟ್ಟಾಗ ಗರ್ಭಕಂಠದ ಕ್ಯಾನ್ಸರ್ ಬಂದಿದೆ. ಗರ್ಭನಿರೋಧಕ ಮಾತ್ರೆಯನ್ನು 5 ವರ್ಷಕ್ಕೂ ಮೇಲ್ಪಟ್ಟು ನುಂಗಿದವರಲ್ಲಿ ಅಪಾಯ ಹೆಚ್ಚು, ನಿಲ್ಲಿಸಿದ ಮೇಲೆ ಇಳಿಯುತ್ತದೆ.

ಇಷ್ಟಿದ್ದರೂ ಸಿಐಎನ್ 2 ಇದ್ದವರಿಗೆ ಇಆರ್ ನೋಡಿ ಕೊಡುವ ಔಷಧಿ ಇಲ್ಲ. ಇಆರ್ ನೆಗೆಟಿವ್ ಎಂದು ಗಾಬರಿಯಾಗಿ ಗರ್ಭಚೀಲ ತೆಗೆಸುವುದಂತೂ ದೊಡ್ಡ ತಪ್ಪು.

ಪಿ16 ನೆರವಾಗುವುದು ಸಿಐಎನ್ 2 ಹೌದೋ ಅಲ್ಲವೋ ಎಂಬ ಅನುಮಾನ ಬಂದಾಗ. ವೈರಸ್ಸಿನ ಇ7 ಪ್ರೋಟೀನು, ಕೋಶ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿಯನ್ನು ನಿಷ್ಕ್ರಿಯ ಮಾಡುವುದರಿಂದ ಪಿ16 ಉಕ್ಕುತ್ತದೆ. ತಳಪದರದಲ್ಲಿ ಎಲ್ಲೂ ಕಡಿಯದೆ ಗಾಢವಾಗಿ ಹಿಡಿದ ಬಣ್ಣ ಪದರದ ದಪ್ಪದ ಮೂರನೇ ಒಂದು ಭಾಗದವರೆಗಾದರೂ ಏರಿದ್ದರೆ ಮಾತ್ರ ಪಾಸಿಟಿವ್. ಅಲ್ಲಲ್ಲಿ ಚದುರಿದ ಬಣ್ಣ, ಎಷ್ಟೇ ಗಾಢವಿರಲಿ, ನೆಗೆಟಿವ್. ಮುಟ್ಟು ನಿಂತವರಲ್ಲಿ ತೆಳುವಾದ ಪದರ ಸಿಐಎನ್ 3ರಂತೆಯೇ ಮೋಸ ಮಾಡುತ್ತದೆ. ಪಿ16 ಇಲ್ಲದೆ, ಕಿ-67 ತಳದಲ್ಲಷ್ಟೇ ಅಲ್ಲೊಂದು ಇಲ್ಲೊಂದು ಇದ್ದರೆ ಅದು ಸಿಐಎನ್ ಅಲ್ಲ, ಬರೀ ಸವಕಳಿ (ಅಟ್ರೊಫಿ). ಪ್ಯಾಪ್ ಸ್ಮಿಯರಿನಲ್ಲೇ (ಗರ್ಭಕಂಠದಿಂದ ಕೆರೆದ ಕೋಶಗಳ ಪರೀಕ್ಷೆ) ಈ ಗೊಂದಲ ಬಂದರೆ, ಬೇರೆ ಅಡ್ಡಿ ಇಲ್ಲದವರಿಗೆ ಸ್ತ್ರೀರೋಗ ತಜ್ಞರು 2–3 ವಾರ ಈಸ್ಟ್ರೋಜನ್ ಕ್ರೀಮು ಹಚ್ಚಿಸಿ ಮತ್ತೆ ಸ್ಮಿಯರ್ ತೆಗೆಯಬಹುದು.

ಇಆರ್ ನಿಜಕ್ಕೂ ಬೇಕಾಗುವುದು ಗ್ರಂಥಿಯ ಕ್ಯಾನ್ಸರ್ ಗರ್ಭಕಂಠದ್ದೋ ಗರ್ಭಕೋಶದ ಒಳಪದರದ್ದೋ ತಿಳಿಯದಾದಾಗ. ಆಗಲೂ ಒಂಟಿಯಾಗಿ ಅಲ್ಲ; ಪಿ16, ವಿಮೆಂಟಿನ್ ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆಯ ಜೊತೆಗೆ.

ಯಾವ ಪರೀಕ್ಷೆಯಾದರೂ ಚೂರು ಕೆಟ್ಟಿದ್ದರೆ ಫಲವಿಲ್ಲ. ಸಲೈನಿನಲ್ಲಿ ಹಾಕಿ ಬಸ್ಸಿಗೆ ಕೊಟ್ಟ ಚೂರು ಏಪ್ರಿಲ್-ಮೇ ಬಿಸಿಲಿಗೆ ದಾರಿಯಲ್ಲೇ ಕೊಳೆಯತೊಡಗುತ್ತದೆ. ತೆಗೆದ ಕೂಡಲೇ ಶೇ 10ರ ಬಫರ್ಡ್ ಫಾರ್ಮಾಲಿನ್ನಿಗೆ ಹಾಕಿ. ದ್ರವ ಚೂರಿನ ಹತ್ತು ಪಟ್ಟಾದರೂ ಇರಲಿ, ಚೂರು ಅದರಲ್ಲಿ ಒಟ್ಟು 6ರಿಂದ 72 ಗಂಟೆ ಇರಲಿ. ಅಂಗಡಿಯ ಗಟ್ಟಿ ಫಾರ್ಮಾಲಿನ್ನನ್ನು ಹಾಗೇ ಸುರಿಯಬೇಡಿ. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಅದರಲ್ಲಿ ಫಾಸ್ಫೇಟ್ ಲವಣ. ಚೂರನ್ನು ಫಿಲ್ಟರ್ ಪೇಪರಿನ ಮೇಲೆ ಸ್ಟ್ರೋಮಾ ಕೆಳಗಾಗುವಂತೆ ಅಂಟಿಸಿ ಹಾಕಿದರೆ ಒಳ್ಳೆಯದು. ಓರೆಯಾಗಿ ಕತ್ತರಿಸಿದ ಸೆಕ್ಷನ್ನಿನಲ್ಲಿ ತಳಪದರವೇ ಇಡೀ ದಪ್ಪದಂತೆ ಕಂಡು, ಮೂರನೇ ಒಂದು ಭಾಗದ ಲೆಕ್ಕ ಸಿಗುವುದಿಲ್ಲ.

ಲ್ಯಾಬಿನವರಿಗೂ ಒಂದು ಮಾತು. ಇಆರ್ ಮಾಡಿದಾಗ ಅದೇ ಸ್ಲೈಡಿನ ಸ್ಟ್ರೋಮಾ ಮತ್ತು ಸಹಜ ಗ್ರಂಥಿಗಳನ್ನು ಮೊದಲು ನೋಡಿ. ಅಲ್ಲೇ ಬಣ್ಣ ಹಿಡಿಯದಿದ್ದರೆ ನೆಗೆಟಿವ್ ಎಂದು ಸಹಿ ಹಾಕಬೇಡಿ. ಕಳಿಸುವ ವೈದ್ಯರು ಚೀಟಿಯಲ್ಲಿ ವಯಸ್ಸು, ಕೊನೆಯ ಮುಟ್ಟಿನ ದಿನಾಂಕ, ಹಾರ್ಮೋನು ಮಾತ್ರೆಯ ವಿವರ, ವಿಐಎ (ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ) ಬಿಳಿ ಮಚ್ಚೆ ಗಡಿಯಾರದ ಯಾವ ಅಂಕಿಯ ಕಡೆ ಇತ್ತು ಎಂಬುದನ್ನು ಬರೆಯಲೇಬೇಕು.